ಇಂಗ್ಲಿಷಿನ ‘ಹೂ’ ನಮಗೇಕೆ ಮುಳ್ಳಾಯಿತು?



ಕಂಪಲಾಪುರದಲ್ಲಿ ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಬಂದವರು ನಿಮ್ಮಲ್ಲಿ ಎಷ್ಟು ಮಂದಿ? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಬಂದು, ಕೆಲಸದ ಸಂದರ್ಶನದಲ್ಲಿ ಇಂಗ್ಲಿಷಿನ ‘ಹೂ’, ‘ವಿಚ್’, ‘ದಟ್’ಗಳ ಮುಂದೆ ನಾಲಿಗೆ ತಡವರಿಸಿ ತಲೆ ತಗ್ಗಿಸಿದವರು ಎಷ್ಟು ಮಂದಿ?

ಆ ತಲೆ ಎತ್ತಿ! ತಪ್ಪು ನಿಮ್ಮ ಬುದ್ಧಿಯದಲ್ಲ, ನಿಮಗೆ ಕಲಿಸಿದ ಕ್ರಮದ್ದು.

ಕಂಪಲಾಪುರ ತಂಬಾಕು ಹರಾಜು ಮಾರುಕಟ್ಟೆಯ ಊರು. ಅಲ್ಲಿನ ಹೊಗೆಸೊಪ್ಪನ್ನೇ ತೆಗೆದುಕೊಳ್ಳಿ. ಸೊಪ್ಪು ಬೇಯಿಸಿದ ರೈತ, ರೈತ ಬೇಯಿಸಿದ ಸೊಪ್ಪು, ಸೊಪ್ಪು ಬೇಯಿಸಿದ ಬ್ಯಾರನ್, ಸೊಪ್ಪು ಬೇಯಿಸಿದ ಸೌದೆ, ಸೊಪ್ಪು ಬೇಯಿಸಿದ ದಿನ. ನೋಡಿದಿರಾ? ‘ಬೇಯಿಸಿದ’ ಎಂಬ ಒಂದೇ ಪದ ಐದು ಕಡೆ ಸಲ್ಲುತ್ತದೆ! ಇಂಗ್ಲಿಷಿನಲ್ಲಾದರೋ ರೈತನಿಗೆ ‘ಹೂ’, ಸೊಪ್ಪಿಗೆ ‘ವಿಚ್’, ಬ್ಯಾರನ್ನಿಗೆ ‘ಇನ್ ವಿಚ್’, ಸೌದೆಗೆ ‘ವಿತ್ ವಿಚ್’, ದಿನಕ್ಕೆ ‘ವೆನ್’.

ಹೈಸ್ಕೂಲಿನಲ್ಲಿ ಬೇಯಿಸಿದ, ಬೇಯಿಸುವ, ಬೇಯಿಸದ ಎಂಬಂಥ ಪದಗಳನ್ನು ‘ಕೃದಂತ’ ಎಂದು ಬಾಯಿಪಾಠ ಮಾಡಿದೆವು. ಪಕ್ಕದ ಪೀರಿಯಡ್ಡಿನಲ್ಲಿ ‘ರಿಲೇಟಿವ್ ಕ್ಲಾಸ್’ ಬಾಯಿಪಾಠ ಮಾಡಿದೆವು. ಎರಡೂ ಮಾಡುವುದು ಒಂದೇ ಕೆಲಸ ಎಂದು ಎಷ್ಟು ಜನ ಮೇಷ್ಟರು ಹೇಳಿದರು? ಕನ್ನಡದಲ್ಲಿ ವಿವರ ಮೊದಲು, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಮೊದಲು, ವಿವರ ಆಮೇಲೆ. ವ್ಯತ್ಯಾಸದ ಬೇರು ಇಲ್ಲಿದೆ. ತಮಿಳು, ಜಪಾನಿ, ಕೊರಿಯನ್ ಭಾಷೆಗಳೂ ನಮ್ಮಂತೆಯೇ ವಿವರವನ್ನು ಮೊದಲಿಡುತ್ತವೆ. ನಾವೇನೂ ಒಂಟಿಯಲ್ಲ!

ಆದರೆ ತರಗತಿಯಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: “ಹೂ ಅಂದರೆ ಯಾರು.” ಪ್ರಶ್ನೆ ಕೇಳುವಾಗ ಅದು ಸರಿ. ‘ನಿನ್ನೆ ಬಂದ ರೈತ’ ಎನ್ನುವಾಗ? ಪಾಪದ ಹುಡುಗ ‘ಯಾವ ರೈತ ಬಂದನೋ ಅವನು’ ಎಂದು ಮನಸ್ಸಿನಲ್ಲೇ ತಿರುಗಿಸಿಕೊಂಡು, “ದಿ ಫಾರ್ಮರ್ ಹೂ ಕೇಮ್ ಯೆಸ್ಟರ್‌ಡೇ, ಹಿ ಸೋಲ್ಡ್...” ಎಂದು ಬೇಡದ ‘ಹಿ’ ಸೇರಿಸುತ್ತಾನೆ. ಎದುರಿಗೆ ಕೂತವರು ನಗುತ್ತಾರೆ. ‘ಬಂದ’ ಎಂಬ ರೂಪ ಕನ್ನಡದಲ್ಲಿ ಮಾಡುವ ಕೆಲಸವನ್ನು ಅಲ್ಲಿ ‘ಹೂ ಕೇಮ್’ ಮಾಡುತ್ತದೆ, ಇನ್ನೊಂದು ‘ಅವನು’ ಬೇಕಿಲ್ಲ ಎಂದು ಅಂದೇ ಹೇಳಿದ್ದರೆ ಈ ಅವಮಾನ ಇರುತ್ತಿತ್ತೇ?

ಇನ್ನೊಂದು ಕಡೆ ನಮ್ಮ ಕಚೇರಿಗಳ ಕನ್ನಡ ನೋಡಿ! ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆ ಇವರ ಕೈಗೆ ಸಿಕ್ಕರೆ, ‘ಯಾವ ವ್ಯಕ್ತಿಯು ಉಪ್ಪನ್ನು ಸೇವಿಸಿರುವನೋ ಅಂತಹ ವ್ಯಕ್ತಿಯು ನೀರನ್ನು ಸೇವಿಸತಕ್ಕದ್ದು’ ಎಂದಾಗುತ್ತದೆ! ‘ಯಾರು ದುಡಿದರೋ ಅವರಿಗೆ ಕೂಲಿ’ ಎನ್ನುವ ಮಾತು ಕನ್ನಡಕ್ಕೆ ಹೊಸದಲ್ಲ. ಆದರೆ ಸಾಲುಸಾಲಿಗೂ ಅದನ್ನೇ ತುರುಕಿದರೆ ಅದು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್. ಇತ್ತ ಇಂಗ್ಲಿಷೂ ಬರಲಿಲ್ಲ, ಅತ್ತ ಕನ್ನಡವೂ ಉಳಿಯಲಿಲ್ಲ.

ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2000ದಲ್ಲೇ ಪುಸ್ತಕ ಬರೆದರು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದರು. ಇಂಗ್ಲಿಷ್ ಬೇಗ ಬಂದರೆ ಸಾಲದು, ಮಗುವಿಗೆ ಗೊತ್ತಿರುವ ಕನ್ನಡದ ಮೇಲೆ ಕಾಲಿಟ್ಟು ಬರಬೇಕು. ಪಠ್ಯಪುಸ್ತಕದಲ್ಲಿ ಎರಡೂ ಭಾಷೆಯ ವಾಕ್ಯಗಳು ಅಕ್ಕಪಕ್ಕ ಅಚ್ಚಾಗಲಿ. ಇದು ನಮ್ಮ ಒತ್ತಾಯ.

ನಗರದಲ್ಲಿ ನೆಲೆ ಕಂಡ ಗೆಳೆಯರೇ, ನಿಮಗೂ ಒಂದು ಕೆಲಸವಿದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ತಮ್ಮನನ್ನೋ ತಂಗಿಯನ್ನೋ ಜಗಲಿಯ ಮೇಲೆ ಕೂರಿಸಿಕೊಂಡು ಈ ‘ಬೇಯಿಸಿದ’ ಪಾಠವನ್ನು ಹೇಳಿಕೊಡಿ. ಅರ್ಧ ಗಂಟೆ ಸಾಕು. ನೀವು ತಗ್ಗಿಸಿದ ತಲೆಯನ್ನು ಅವರು ತಗ್ಗಿಸದಿರಲಿ.

ಕನ್ನಡ ನಮ್ಮ ಕಾಲಿಗೆ ತೊಡಕಲ್ಲ. ಅದೇ ನಮ್ಮ ಏಣಿ!