ಲಾಠಿ ಇಲ್ಲದ ಪೊಲೀಸು ಯಾರ ಪೊಲೀಸು?

ನಮ್ಮ ಕೇರಿಗಳಿಗೆ ಪೊಲೀಸರು ಬರುವುದು ಎರಡೇ ಹೊತ್ತಿಗೆ. ಊರೊಳಗೆ ಕಳವಾದಾಗ ಕಳ್ಳನನ್ನು ಹುಡುಕಿಕೊಂಡು ಸೀದಾ ನಮ್ಮಲ್ಲಿಗೆ ಬರುತ್ತಾರೆ. ಕೇರಿಗೆ ಬೆಂಕಿ ಬಿದ್ದಾಗ, ಬೆಂಕಿ ಆರಿದ ಮೇಲೆ ಬರುತ್ತಾರೆ. ಮಿಕ್ಕ ದಿನಗಳಲ್ಲಿ ಆ ಖಾಕಿ ಗೌಡರ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿರುತ್ತದೆ. ಹೀಗಿರುವಾಗ 'ಜನಸ್ನೇಹಿ ಪೊಲೀಸು' ಅಂತ ಯಾರಾದರೂ ಮೈಕು ಹಿಡಿದರೆ ನಮಗೆ ನಗು ಬರುತ್ತದೆ. ಆದರೆ ಗೆಳೆಯರೇ, ನಕ್ಕು ಎದ್ದು ಹೋಗುವ ವಿಷಯ ಇದಲ್ಲ.

2025ರ ಜುಲೈನಲ್ಲಿ ಕರ್ನಾಟಕ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಶುರು ಮಾಡಿತು. 40-50 ಮನೆಗಳನ್ನು ಒಂದು ಗುಂಪು ಮಾಡಿ, ಬೀಟ್ ಪೊಲೀಸರು ಮನೆ ಬಾಗಿಲಿಗೇ ಹೋಗಿ ಕಷ್ಟಸುಖ ಕೇಳಬೇಕಂತೆ. ಬರಲಿ. ಆದರೆ ಬಂದವನನ್ನು ನಾವೇನು ಕೇಳಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಇಂಥದೇ ಕೆಲಸವನ್ನು 20 ವರ್ಷಕ್ಕೂ ಮೇಲ್ಪಟ್ಟು ಮಾಡಿ ನೋಡಿದ ದೇಶ ಒಂದಿದೆ. ನಮ್ಮನ್ನು ಆಳಿಹೋದ ಇಂಗ್ಲೆಂಡು.

ಆ ದೇಶದಲ್ಲಿ 1824ರ ಒಂದು ಕಾಯ್ದೆ ಇತ್ತು. 'ಅನುಮಾನದ ಮನುಷ್ಯ' ಅಂತ ತೋರಿದರೆ ಸಾಕು, ಪೊಲೀಸು ಹಿಡಿಯಬಹುದಿತ್ತು. ಒಂದೂವರೆ ಶತಮಾನದ ನಂತರ ಆ ಅನುಮಾನವೆಲ್ಲ ಹೋಗಿ ಕೂತದ್ದು ಕಪ್ಪು ಹುಡುಗರ ಚರ್ಮದ ಮೇಲೆ. ಇದೇ ದೊರೆಗಳು 1871ರಲ್ಲಿ ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೊರಚ, ಕೊರಮ, ಗಂಟಿಚೋರರನ್ನು ಹುಟ್ಟಿನಿಂದಲೇ ಕಳ್ಳರು ಮಾಡಿ ಹುಬ್ಬಳ್ಳಿಯ ಸೆಟ್ಲಮೆಂಟಿನಂಥ ಕಡೆ ಹಾಜರಿ ಕೂಗಿಸಿದರು. ಅಲ್ಲಿ ಚರ್ಮ, ಇಲ್ಲಿ ಜಾತಿ. ಅನುಮಾನ ಒಂದೇ. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಮಫ್ತಿ ಪೊಲೀಸರು ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ಬೀದಿಯಲ್ಲಿ ನಿಲ್ಲಿಸಿ ಜೇಬು ತಡಕಿದರು. ಬೀದಿ ಹೊತ್ತಿಕೊಂಡಿತು. ಆ ವರ್ಷವೇ ಹಳೇ ಕಾಯ್ದೆಯ ಆ ಕಲಮು ರದ್ದಾಯಿತು. ಬೆಂಕಿ ಹತ್ತುವ ಮುಂಚೆ ಯಾಕೆ ಆಗಲಿಲ್ಲ ಅಂತ ನಾವು ಕೇಳಬೇಕಾಗಿಲ್ಲ, ನಮಗೆ ಗೊತ್ತು.

1993ರ ಏಪ್ರಿಲ್ 22ರ ರಾತ್ರಿ ಸ್ಟೀಫನ್ ಲಾರೆನ್ಸ್ ಎಂಬ 18ರ ಕಪ್ಪು ಹುಡುಗನನ್ನು ಬಸ್ ಸ್ಟಾಪಿನಲ್ಲಿ ಬಿಳಿಯ ಹುಡುಗರು ಇರಿದು ಕೊಂದರು. ಇಬ್ಬರಿಗೆ ಶಿಕ್ಷೆಯಾಗುವ ಹೊತ್ತಿಗೆ 2012 ಬಂದಿತ್ತು. 1999ರ ಮ್ಯಾಕ್‌ಫರ್ಸನ್ ವರದಿ, ಲಂಡನ್ ಪೊಲೀಸು ಸಂಸ್ಥೆಯ ಒಳಗೇ ಜನಾಂಗದ್ವೇಷ ಕೂತಿದೆ ಎಂದು ಬರೆಯಿತು. ಒಬ್ಬ ಕೆಟ್ಟ ಪೇದೆಯ ಮಾತಲ್ಲ, ಇಡೀ ಮನೆಯ ಮಾತು. ನಮ್ಮಲ್ಲಿ ಇಂಥ ಒಂದು ವಾಕ್ಯವನ್ನು ಬರೆಯುವ ಸರ್ಕಾರಿ ವರದಿ ಎಲ್ಲಿದೆ?

ಈ ಹಿನ್ನೆಲೆಯಲ್ಲಿ 2002ರ ಪೊಲೀಸ್ ಸುಧಾರಣೆ ಕಾಯ್ದೆ ಹೊಸ ಒಂದು ನೌಕರಿ ಹುಟ್ಟಿಸಿತು: ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್. ಸಮುದಾಯಕ್ಕೆ ಒತ್ತಾಸೆಯಾಗಿ ನಿಲ್ಲುವ ಪೊಲೀಸು ಅನ್ನೋಣ. ಟೋಪಿಗೆ ನೀಲಿ ಪಟ್ಟಿ. ಕೈಯಲ್ಲಿ ಲಾಠಿ ಇಲ್ಲ. ಪೇದೆಗಿರುವ ದಸ್ತಗಿರಿ ಅಧಿಕಾರ ಇಲ್ಲ. ಹೆಚ್ಚೆಂದರೆ ಪೇದೆ ಬರುವ ತನಕ ಅರ್ಧ ಗಂಟೆ ನಿಲ್ಲಿಸಿಕೊಳ್ಳಬಹುದು. ಅವರ ಕೆಲಸ ನಡೆಯುವುದು. ಅದೇ ಬೀದಿಯಲ್ಲಿ ದಿನಾ ನಡೆಯುವುದು. ಅಂಗಡಿಯವಳ ಹೆಸರು, ಒಂಟಿ ಮುದುಕನ ಬಾಗಿಲು, ಯಾವ ಹುಡುಗ ಶಾಲೆ ಬಿಟ್ಟ, ಯಾವ ಮನೆಯಲ್ಲಿ ರಾತ್ರಿ ಹೆಂಗಸಿನ ಅಳು ಕೇಳುತ್ತದೆ, ಇದೆಲ್ಲ ತಿಳಿದಿರುವುದು. ಸರ್ಕಾರಕ್ಕೆ ದಯೆ ಉಕ್ಕಿ ಮಾಡಿದ್ದಲ್ಲ ಇದು. ಬೀದಿಯಲ್ಲಿ ಪೊಲೀಸರು ಕಾಣಬೇಕು ಅಂತ ಜನ ಕೇಳುತ್ತಿದ್ದರು, ಪೂರಾ ಪೇದೆಗೆ ಸಂಬಳ ಜಾಸ್ತಿ. ಅಷ್ಟೇ.

ಆದರೂ ಫಲ ಕಂಡಿತು. ಪೀಟರ್‌ಬರೋ ಎಂಬ ಊರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಹೆಚ್ಚು ಅಪರಾಧ ನಡೆಯುವ 72 ಜಾಗಗಳನ್ನು ಗುರುತಿಸಿ, ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ಅಲ್ಲಿ ಮಾತ್ರ ಈ ಲಾಠಿ ಇಲ್ಲದವರನ್ನು ಹೆಚ್ಚಾಗಿ ನಡೆಸಿದರು. ದಿನಕ್ಕೆ ಸರಾಸರಿ 21 ನಿಮಿಷ ಹೆಚ್ಚು, ಅಷ್ಟೇ. ಅವರು ನಡೆದ ಜಾಗಗಳಲ್ಲಿ ಅಪರಾಧದ ದೂರುಗಳು ಮಿಕ್ಕ ಜಾಗಗಳಿಗಿಂತ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಇಳಿದವು. ಹೊಡೆಯದೆ, ಬಡಿಯದೆ, ಯಾರ ಅಮ್ಮನನ್ನೂ ಅಕ್ಕನನ್ನೂ ಬೈಯದೆ! ಎರಡು ಬಿಗಿದರೇ ಮಾತು ಕೇಳೋದು ಅಂತ ಮೀಸೆ ತಿರುವುವ ನಮ್ಮ ಸಾಹೇಬರುಗಳಿಗೆ ಈ ಲೆಕ್ಕವನ್ನು ಯಾರಾದರೂ ಓದಿ ಹೇಳಬೇಕು.

ಆಮೇಲೆ ಏನಾಯಿತು? ಪತ್ರಿಕೆಗಳು ಇವರನ್ನು 'ಪ್ಲಾಸ್ಟಿಕ್ ಪೊಲೀಸು' ಅಂತ ಆಡಿಕೊಂಡವು. 2010ರಲ್ಲಿ 16,000ಕ್ಕೂ ಹೆಚ್ಚು ಮಂದಿ ಇದ್ದರು. ಖಜಾನೆ ಬಿಗಿಹಿಡಿಯುವ ಸರ್ಕಾರ ಬಂತು. ಕತ್ತರಿ ಮೊದಲು ಬಿದ್ದದ್ದರಲ್ಲಿ ಇವರ ಕೊರಳೂ ಒಂದು. ನಾರ್ಫಕ್ ಜಿಲ್ಲೆಯ ಪೊಲೀಸು 2018ರಲ್ಲಿ ಒಬ್ಬರನ್ನೂ ಉಳಿಸದೆ ಎಲ್ಲರನ್ನೂ ತೆಗೆಯಿತು. 2024ರ ಹೊತ್ತಿಗೆ ಇಂಗ್ಲೆಂಡು, ವೇಲ್ಸ್ ಎರಡೂ ಸೇರಿ 8,000ಕ್ಕಿಂತ ಕಡಿಮೆ. ಬೀದಿಯಲ್ಲಿ ಹೆಸರು ತಿಳಿದವರು ಮನೆಗೆ ಹೋದರು, ಜೀಪು ಉಳಿಯಿತು. ಈಗ ಅಲ್ಲಿನ ಸರ್ಕಾರ ಬೀದಿ ಪೊಲೀಸಿಗೆ ಇನ್ನೂ 13,000 ಮಂದಿಯನ್ನು 2029ರೊಳಗೆ ಸೇರಿಸುತ್ತೇವೆ ಅನ್ನುತ್ತಿದೆ. ಬಡವರ ಬೀದಿಗೆ ಕೊಟ್ಟದ್ದನ್ನು ಕಿತ್ತುಕೊಂಡು, ಹದಿನೈದು ವರ್ಷ ಆದ ಮೇಲೆ ಅದನ್ನೇ ಹೊಸ ಉಡುಗೊರೆ ಅಂತ ತಂದುಕೊಡುವ ಆಟ ಅಲ್ಲೂ ಇದೆ.

ಇನ್ನೊಂದು ವಿಷಯ ನಮಗೆ ಚುಚ್ಚುತ್ತದೆ. ಮೊದಲ ವರ್ಷಗಳಲ್ಲಿ ಈ ನೀಲಿ ಪಟ್ಟಿಯವರಲ್ಲಿ ಕಪ್ಪು ಜನ, ಏಷ್ಯಾದ ಜನ ಪೇದೆಗಳಲ್ಲಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿದ್ದರು. ಒಳ್ಳೆಯದೇ, ತಮ್ಮ ಬೀದಿಯಲ್ಲಿ ತಮ್ಮವರು. ಆದರೆ ಅವರಿಗೆ ದೊಡ್ಡ ಮಟ್ಟದಲ್ಲಿ ತೆರೆದ ಬಾಗಿಲು ಯಾವುದು? ಸಂಬಳ ಕಡಿಮೆ, ಅಧಿಕಾರ ಕಡಿಮೆ, ಮೊದಲು ತೆಗೆಯುವ ಬಾಗಿಲು. ಬಾಬಾಸಾಹೇಬರು ಹೇಳಿದ ಮೆಟ್ಟಿಲು ಮೆಟ್ಟಿಲಿನ ಅಸಮಾನತೆ ಸಮುದ್ರ ದಾಟಿದರೂ ಗುರುತು ಸಿಗುತ್ತದೆ.

ಯಾಕೆಂದರೆ ಈ ನೌಕರಿ ನಮಗೆ ಹೊಸದಲ್ಲ. ನಮ್ಮ ತಾತಂದಿರು ಮಾಡಿದ್ದು ಇದನ್ನೇ. ತೋಟಿ ಯಾರು? ಕುಳವಾಡಿ ಯಾರು? ರಾತ್ರಿ ಊರು ಕಾದವನು, ಕಣ ಕಾದವನು, ಕಳ್ಳನ ಹೆಜ್ಜೆ ಹಿಡಿದು ಹೋದವನು, ತಮಟೆ ಬಡಿದು ಸಾರಿದವನು, ಅಮಲ್ದಾರನ ಕುದುರೆ ಹಿಂದೆ ಓಡಿದವನು. ಊರಿನ ಪ್ರತಿ ಮನೆ ಗೊತ್ತು, ಒಂದು ಮನೆಯ ಒಳಗೂ ಪ್ರವೇಶವಿಲ್ಲ. ಮುಂಬಯಿ ಪ್ರಾಂತದಲ್ಲಿ ಮಹಾರರ ಇಂಥ ವತನದ ಗುಲಾಮಗಿರಿ ಮುರಿಯಲು ಅಂಬೇಡ್ಕರ್ 1928ರಲ್ಲೇ ಮಸೂದೆ ತಂದರು. ನಮ್ಮಲ್ಲಿ ಗ್ರಾಮ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆಯಿಂದ. ಅಧಿಕಾರವಿಲ್ಲದೆ ಬರೀ ನಡೆಯುವವನು ಕೊನೆಗೆ ಯಾರ ಆಳಾಗುತ್ತಾನೆ ಅಂತ ನಮ್ಮ ಅಂಗಾಲು ಬಲ್ಲದು.

ಹಾಗಂತ ಪೊಲೀಸೇ ಬೇಡ ಅನ್ನುವ ಕೆಲವು ಗೆಳೆಯರ ಮಾತನ್ನು ನಾವು ಒಪ್ಪುವುದಿಲ್ಲ. ಕಾಫಿ ಹೌಸಿನಲ್ಲಿ ಕೂತು ಹೇಳಲಿಕ್ಕೆ ಅದು ಚೆನ್ನ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದರು ಅಂದರು. ತಿರುಗಿ ಬೀಳದೆ ಏನು ಮಾಡ್ತಾರೆ? ಕೋರ್ಟಲ್ಲಿ ಸಾಕ್ಷಿ ಹೇಳಿ ಸಾಯಂಕಾಲದ ಬಸ್ಸಿಗೆ ಅದೇ ಊರಿಗೆ ವಾಪಸ್ ಬರಬೇಕಲ್ಲ, ಅವರ ಹೊಲಕ್ಕೇ ಕೂಲಿಗೆ ಹೋಗಬೇಕಲ್ಲ! ಆ ದಾರಿಯಲ್ಲಿ ಜೊತೆಗೆ ನಡೆಯುವ ಒಬ್ಬ ಪೊಲೀಸು, ದಿನಾ ಬಂದು ಹೆಸರು ಹಿಡಿದು ಮಾತಾಡಿಸುವ ಒಬ್ಬ ಪೊಲೀಸು, ಇದ್ದಿದ್ದರೆ ಅನ್ನುವ ಮಾತು ನಮಗೆ ಸಣ್ಣದಲ್ಲ.

ಆದರೆ 'ಸಮುದಾಯ' ಎಂಬ ಶಬ್ದ ಬಂದಾಗಲೆಲ್ಲ ಹುಷಾರು. ಹಳ್ಳಿಯಲ್ಲಿ ಸಮುದಾಯ ಅಂದರೆ ಊರು, ಕೇರಿ ಅಲ್ಲ. ಬೀಟಿನ ಸಮಿತಿ ಮಾಡಿ ಅಂದರೆ ಗೌಡ, ಶಾನುಭೋಗ, ಸೊಸೈಟಿ ಅಧ್ಯಕ್ಷ ಕೂರುತ್ತಾರೆ. ಶಾಂತಿಸಭೆ ಅಂದರೆ ನಮ್ಮವನು ಕಂಪ್ಲೇಂಟು ವಾಪಸ್ ತಗೊಳ್ಳುವ ಸಭೆ. ಮನೆ ಮನೆಗೆ ಬರುವವನು ಈ ರಾಜಿಗೆ ಏಜೆಂಟನಾಗಿ ಬಂದರೆ ಅವನು ಬಾರದಿರುವುದೇ ಲೇಸು.

ಆದ್ದರಿಂದ ಬಂದವನನ್ನು ಕೂರಿಸಿ ಕೇಳೋಣ. ನಿನ್ನ 40 ಮನೆಗಳ ಪಟ್ಟಿಯಲ್ಲಿ ಕೇರಿಯ ಮನೆ ಎಷ್ಟಪ್ಪ? ಬಹಿಷ್ಕಾರ ಹಾಕಿದ ದಿನ, ಹೋಟೆಲಲ್ಲಿ ಬೇರೆ ಲೋಟ ಇಟ್ಟ ದಿನ, ನೀನೇ ಕಣ್ಣಾರೆ ಕಂಡು ಸ್ಟೇಷನ್ನಿನಲ್ಲಿ ಬರೆಸುತ್ತೀಯಾ? 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಗೊತ್ತಾ? ಬೇಕೆಂದೇ ಕರ್ತವ್ಯ ಬಿಟ್ಟ, ನಮ್ಮವನಲ್ಲದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದ ತನಕ ಜೈಲು ಅಂತ ಅದರಲ್ಲಿದೆ. ಹಳ್ಳಿಯ ಮೇಷ್ಟ್ರುಗಳು ಆ ಕಲಮನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೇರಿಯ ಗೋಡೆಗೆ ಅಂಟಿಸಲಿ. ಅದರ ಪಕ್ಕದಲ್ಲೇ ಒಂದು ಹಾಳೆ ಇರಲಿ: ಪೊಲೀಸು ಬಂದ ತಾರೀಖು, ಯಾರ ಮನೆಗೆ ಹೋದ, ಎಷ್ಟು ಹೊತ್ತು ಕೂತ, ನೀರು ಕೊಟ್ಟರೆ ಕುಡಿದನೋ ಇಲ್ಲವೋ.