ಉದಗೀರದ ಕನ್ನಡ ಮಗುವಿಗೆ ಇಂಜಿನಿಯರಿಂಗ್ ಬಾಗಿಲು ಯಾವುದು?

ಮಕ್ಕಳು ಹನ್ನೆರಡನೇ ತರಗತಿ ಮುಗಿಸುವ ಹೊತ್ತಿಗೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಒಂದು ಚಿಂತೆ ಹುಟ್ಟಿಕೊಳ್ಳುತ್ತದೆ. ಇಂಜಿನಿಯರಿಂಗಿಗೆ ಎಲ್ಲಿ ಸೇರಿಸುವುದು? ಅಂಕವೊಂದಿದ್ದರೆ ಸಾಕೆಂದು ಹೆತ್ತವರು ತಿಳಿಯುತ್ತಾರೆ. ಆದರೆ ಅಂಕಪಟ್ಟಿಯನ್ನು ನೋಡುವ ಮೊದಲೇ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಎಲ್ಲಿ ಓದಿದ್ದು, ಎಷ್ಟು ವರ್ಷ ಓದಿದ್ದು?

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸರಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮ ಹೀಗಿದೆ. ಒಂದನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹತ್ತನೇ ತರಗತಿಯನ್ನಾಗಲಿ ಪಿ.ಯು.ಸಿ.ಯನ್ನಾಗಲಿ ಅಲ್ಲೇ ಪಾಸು ಮಾಡಿರಬೇಕು. ಇದರ ಹೊರತಾಗಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವೂ ಉಂಟು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಹೆಸರಿಸಿದ ತಾಲೂಕುಗಳ ನಿವಾಸಿಯಾಗಿ ಅಲ್ಲಿನ ಶಾಲೆಗಳಲ್ಲೇ 7 ವರ್ಷ ಓದಿರಬೇಕು. ಪ್ರಾಧಿಕಾರ ನಡೆಸುವ 50 ಅಂಕಗಳ ಕನ್ನಡ ಪರೀಕ್ಷೆಗೂ ಕೂರಬೇಕು. ನಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಈ ಪಟ್ಟಿಯಲ್ಲಿವೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ತಾಲೂಕುಗಳೂ ಇವೆ.

ಈ ಪಟ್ಟಿಯಲ್ಲಿ ಇಲ್ಲದ ಮೂರು ಹೆಸರುಗಳ ಕಡೆಗೆ ವಾಚಕರ ಗಮನ ಸೆಳೆಯಬೇಕಾಗಿದೆ: ಉಮರ್ಗಾ, ನಿಲಂಗಾ, ಉದಗೀರ. ಮೊದಲನೆಯದು ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ, ಉಳಿದೆರಡು ಲಾತೂರ ಜಿಲ್ಲೆಯಲ್ಲಿ. ನಿಜಾಮರ ಕಾಲದಿಂದಲೂ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಬೀದರವನ್ನು ಮೂರು ಪಾಲು ಮಾಡಿದಾಗ ಅವು ಮುಂಬಯಿ ರಾಜ್ಯಕ್ಕೆ ಹೋದವು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ನಮಗೂ ಅವರಿಗೂ ಗಾಯವಾದದ್ದು ಒಂದೇ ದಿನ. ಔಷಧಿ ಮಾತ್ರ ಒಂದೇ ಆಗಲಿಲ್ಲ.

ಕಾರಣ ಸ್ಪಷ್ಟ. ನಿಯಮವೇ ಆ ತಾಲೂಕುಗಳನ್ನು ವಿವಾದಿತ ಪ್ರದೇಶವೆಂದು ಕರೆಯುತ್ತದೆ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು. ಅದು ಜಾರಿಯಾಗದಿದ್ದರೂ ನಮ್ಮ ಊರಿನ ಹೆಸರು ಕಡತದಲ್ಲಿ ಉಳಿಯಿತು. ಜಗಳದ ನಕ್ಷೆಯಲ್ಲಿ ಹೆಸರಿಲ್ಲದ ಊರಿಗೆ ಸೀಟಿನ ನಕ್ಷೆಯಲ್ಲಿಯೂ ಹೆಸರಿಲ್ಲ. ಮನೆಯಲ್ಲಿ ಆಡುವ ಮಾತು ಯಾವುದೆಂಬುದು ಇಲ್ಲಿ ಎರಡನೆಯ ಪ್ರಶ್ನೆ.

ಇನ್ನೊಂದು ವಿಪರ್ಯಾಸವನ್ನೂ ನೋಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಪ್ರಕಾರ 2013ರಿಂದ ಬೀದರ, ಕಲಬುರಗಿ ಮುಂತಾದ ಜಿಲ್ಲೆಗಳ ಮಕ್ಕಳಿಗೆ ಪ್ರಾದೇಶಿಕ ಮೀಸಲಾತಿ ಉಂಟು. ಹಳೆಯ ಹೈದರಾಬಾದ್ ಸಂಸ್ಥಾನದ ಹಿಂದುಳಿದಿರುವಿಕೆಯೇ ಅದಕ್ಕೆ ಆಧಾರ. ಉದಗೀರವೂ ಅದೇ ಸಂಸ್ಥಾನದ, ಅದೇ ಜಿಲ್ಲೆಯ ಊರು. ಭಾಲ್ಕಿಯ ಮಗುವಿಗೆ ಸಿಗುವುದು ಉದಗೀರದ ಕನ್ನಡ ಮಗುವಿಗೆ ಸಿಗದು.

ಮಹಾರಾಷ್ಟ್ರ ಸರಕಾರ ಈ ಮಕ್ಕಳನ್ನು ಹೊರಗಿಟ್ಟಿದೆ ಎಂದರೆ ಅನ್ಯಾಯದ ಮಾತಾದೀತು. ಅಲ್ಲಿನ ಪ್ರವೇಶ ಪರೀಕ್ಷೆ ಬರೆದು ಇತರರಂತೆ ಸೀಟು ಪಡೆಯುವ ಹಕ್ಕು ಅವರಿಗಿದೆ. ಕರ್ನಾಟಕದ ವಿವಾದಿತ ಗಡಿ ಪ್ರದೇಶದಲ್ಲಿ ಓದಿದ, ಮರಾಠಿ ಮಾತೃಭಾಷೆಯ ಮಕ್ಕಳಿಗೂ ಮಹಾರಾಷ್ಟ್ರ ತನ್ನ ನಿಯಮದಲ್ಲಿ ಜಾಗ ಇಟ್ಟಿದೆ. ಕಳೆದುಹೋಗಿರುವುದು ಹತ್ತಿರದ ಬಾಗಿಲು. ಉಮರ್ಗಾಕ್ಕೆ ಬಸವಕಲ್ಯಾಣ ಹೆದ್ದಾರಿಯ ನೆರೆಯೂರು. ಉದಗೀರದಿಂದ ಭಾಲ್ಕಿ, ಬೀದರಕ್ಕೆ ರೈಲು ಉಂಟು. ಈ ಮೂರೂ ಊರುಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕಲಬುರಗಿಯಲ್ಲಿ 1958ರಷ್ಟು ಹಿಂದೆಯೇ ಕಾಲೇಜು ಆರಂಭವಾಯಿತು. ಹಣವುಳ್ಳವರಿಗೆ ಆಡಳಿತ ಮಂಡಳಿಯ ಸೀಟು ಇದ್ದೇ ಇದೆ. ಸರಕಾರಿ ಶುಲ್ಕದಲ್ಲಿ ಓದಬೇಕಾದ ಬಡ ರೈತನ ಮಗ ಏನು ಮಾಡಬೇಕು?

ಹೊರನಾಡ ಕನ್ನಡಿಗರೆಂಬ ಇನ್ನೊಂದು ವರ್ಗವಿದೆ ನಿಜ. ಅಲ್ಲಿಯೂ ಕನ್ನಡ ಪರೀಕ್ಷೆ ಕಡ್ಡಾಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬಂತೆ ಬೆಳೆದ ಮಗು ಮಾತಾಡುತ್ತದೆ, ಬರೆಯಲಾರದು. ಲಿಪಿ ಬಾರದ ಮಾತೃಭಾಷೆ ಪರೀಕ್ಷೆಯ ಕೊಠಡಿಯಲ್ಲಿ ಕೈಹಿಡಿಯುವುದಿಲ್ಲ. ಆದುದರಿಂದ ಅಕ್ಷರಾಭ್ಯಾಸ ಮನೆಯಲ್ಲಿಯಾದರೂ ನಡೆಯಬೇಕು.

ಹೆತ್ತವರು ತಿಳಿಯಬೇಕಾದ ಇನ್ನೊಂದು ಅಂಶ: ಪಿ.ಯು.ಸಿ.ಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿದ ಮಗುವಿಗೆ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ ಅರ್ಹತೆ ದೊರೆಯುತ್ತದೆ. ಔರಾದ, ಭಾಲ್ಕಿ, ಬಸವಕಲ್ಯಾಣಗಳಿಂದ ಸೊಸೆಯಾಗಿ ಬಂದ ತಾಯಂದಿರು ಆ ಕಡೆ ಅನೇಕರು. ಪೆಟ್ಟಿಗೆಯ ತಳದಲ್ಲಿರುವ ತಾಯಿಯ ಶಾಲಾ ದಾಖಲೆ ಮಗನ ಸೀಟಿಗೆ ಆಧಾರವಾದೀತು. ನಮ್ಮವರಿಗೂ ಒಂದು ಎಚ್ಚರಿಕೆಯ ಲೆಕ್ಕ. ಆರನೆಯವರೆಗೆ ಮಂಜೇಶ್ವರದಲ್ಲಿ, ಏಳರಿಂದ ಹನ್ನೆರಡರವರೆಗೆ ಮಂಗಳೂರಿನಲ್ಲಿ ಓದಿದರೆ ಅಲ್ಲಿ ಆರು, ಇಲ್ಲಿ ಆರು. ಗಡಿನಾಡ ನಿಯಮಕ್ಕೂ ಒಂದು ವರ್ಷ ಕಡಿಮೆ, ಸಾಮಾನ್ಯ ನಿಯಮಕ್ಕೂ ಒಂದು ವರ್ಷ ಕಡಿಮೆ. ಮಗುವಿನ ಶಾಲೆ ಬದಲಿಸುವ ಮೊದಲು ಬೆರಳೆಣಿಸಿ ನೋಡುವುದು ಒಳ್ಳೆಯದು.

ನಡುವಿನಿಂದ ದಾಟಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಕನಿಷ್ಠ ಶೇಕಡಾ 45, ಮೀಸಲು ವರ್ಗಕ್ಕೆ 40 ಅಂಕ ಬೇಕು. ಮಹಾರಾಷ್ಟ್ರದಲ್ಲಿ ಡಿಪ್ಲೊಮಾ ಅಂಕದ ಮೇಲೆಯೇ ಆಯ್ಕೆ, ಕರ್ನಾಟಕದಲ್ಲಿ ಪ್ರತ್ಯೇಕ ಪ್ರವೇಶ ಪರೀಕ್ಷೆ. ಪದವಿಯ ನಡುವೆ ವಿಶ್ವವಿದ್ಯಾಲಯ ಬದಲಿಸುವುದು ಸುಲಭವಲ್ಲ: ಖಾಲಿ ಸೀಟು, ಪಠ್ಯಕ್ರಮದ ಹೊಂದಾಣಿಕೆ, ಎರಡೂ ಕಡೆಯ ಒಪ್ಪಿಗೆ ಬೇಕು. ಐ.ಐ.ಟಿ.ಗಳ ಐದು ವರ್ಷದ ಜೋಡಿ ಪದವಿಗೆ ಬೇರೆ ಕಾಲೇಜಿನಿಂದ ನಡುವೆ ಸೇರುವ ದಾರಿಯಿಲ್ಲ, ಆರಂಭದಲ್ಲೇ ಜೆ.ಇ.ಇ. ಅಡ್ವಾನ್ಸ್ಡ್ ಗೆದ್ದು ಹೋಗಬೇಕು. ಅಲ್ಲಿ ಊರು ಯಾವುದೆಂದು ಕೇಳುವುದಿಲ್ಲ. ಆದರೆ ಸುರತ್ಕಲ್ಲಿನಂಥ ಎನ್.ಐ.ಟಿ.ಗಳಲ್ಲಿ ಅರ್ಧ ಸೀಟು ಸ್ವರಾಜ್ಯದವರಿಗೆ. ಹನ್ನೆರಡನೆಯದನ್ನು ಎಲ್ಲಿ ಪಾಸು ಮಾಡಿದಿರೋ ಅದೇ ಸ್ವರಾಜ್ಯ.

ಆಗಬೇಕಾದುದು ದೊಡ್ಡ ಕ್ರಾಂತಿಯೇನಲ್ಲ. ಕರ್ನಾಟಕ ಸರಕಾರ ಉಮರ್ಗಾ, ನಿಲಂಗಾ, ಉದಗೀರಗಳ ಹೆಸರನ್ನು ಗಡಿನಾಡ ಪಟ್ಟಿಗೆ ಸೇರಿಸಬೇಕು. ಇದರಿಂದ ಒಂದಿಂಚು ನೆಲವೂ ಕದಲುವುದಿಲ್ಲ, ಯಾವ ರಾಜ್ಯದ ಮಾನಕ್ಕೂ ಕುಂದಿಲ್ಲ. ಪಟ್ಟಿಯೊಳಗಿರುವ ಕಾಸರಗೋಡಿನವರು, ಹೊರಗುಳಿದವರ ಪರವಾಗಿ ಮೊದಲು ದನಿಯೆತ್ತುವುದು ನ್ಯಾಯ. ಪಟ್ಟಿಯಲ್ಲಿ ಹೆಸರಿರುವುದರ ಬೆಲೆ ನಮಗೆ ಗೊತ್ತು.