ಬೋಳಾದದ್ದೆಲ್ಲ ಸತ್ತದ್ದಲ್ಲ ಸ್ವಾಮಿ

ಮೊನ್ನೆ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಗೇಟಿನ ಪಕ್ಕ ನಿಂತಿರುವ ಒಂದು ಬೋಳು ಗಿಡ. ಕೆಳಗೆ ಒಕ್ಕಣೆ: ‘ಈ ಒಣಗಿದ ಗಿಡವನ್ನು ಇನ್ನೂ ಯಾಕೆ ಇಟ್ಕೊಂಡಿದ್ದೀವಿ? ಬಂದವರು ಏನಂದ್ಕೋಬೇಕು? ಮೇಂಟೆನೆನ್ಸ್ ಕಟ್ಟೋದು ಇದಕ್ಕಾ?’ ಹತ್ತು ನಿಮಿಷದಲ್ಲಿ ಇಪ್ಪತ್ತು ಹೆಬ್ಬೆರಳು ಮೇಲೆದ್ದವು. ಸಂಜೆಯ ಹೊತ್ತಿಗೆ ಅದು ಭಾನುವಾರದ ಮೀಟಿಂಗಿನ ಅಜೆಂಡಾ ಆಗಿತ್ತು: ಗಿಡ ಕೀಳಿಸಿ, ಆ ಜಾಗದಲ್ಲಿ ‘ಹನ್ನೆರಡು ತಿಂಗಳೂ ಹಸಿರಾಗಿರುವ’ ಏನನ್ನಾದರೂ ಹಾಕಿಸುವುದು.

ಸ್ವಾಮಿ, ಅದು ಒಣಗಿಲ್ಲ. ಅದು ಪಾರಿಜಾತ. ಈಗ ಮಾರ್ಚ್ ತಿಂಗಳು. ಮಾರ್ಚಿನಲ್ಲಿ ಪಾರಿಜಾತ ಹಾಗೇ ಇರುತ್ತೆ.

ತಮಾಷೆ ಏನು ಅಂದ್ರೆ, ಫೋಟೋ ಹಾಕಿದ ಮಹಾಶಯರೇ ಹೋದ ತಿಂಗಳು ಎಲೆಯಿಲ್ಲದ ಇನ್ನೊಂದು ಮರದ ಫೋಟೋ ಹಾಕಿದ್ದರು. ಅದು ಆಫೀಸಿನ ದಾರಿಯ ಟಬೂಬಿಯಾ. ಎಲೆಯೆಲ್ಲ ಉದುರಿಸಿ ಗುಲಾಬಿ ಬಣ್ಣದ ಹೂ ಹೊತ್ತು ನಿಂತ ಆ ಮರಕ್ಕೆ ಹೃದಯದ ಚಿಹ್ನೆಗಳ ಸುರಿಮಳೆ. ಅಂದ್ರೆ ಎಲೆ ಉದುರೋದು ನಮಗೆ ತೊಂದರೆ ಅಲ್ಲ. ಉದುರಿದ ತಕ್ಷಣ ಹೂವಿನ ಸಂಬಳ ಕೊಡಬೇಕು, ಅಷ್ಟೇ. ಪಾರಿಜಾತ ಆ ಸಂಬಳವನ್ನು ಆಗಸ್ಟ್ ಮೇಲೆ ಕೊಡುತ್ತೆ. ಅಲ್ಲೀವರೆಗೆ ಕಾಯೋ ವ್ಯವಧಾನ ನಮಗಿಲ್ಲ.

ನಮ್ಮಲ್ಲಿ ಇಂಥವು ಎರಡು ಗಿಡ ಇದ್ದವು. ಒಂದು ಹೋದ ವರ್ಷ ಸತ್ತಿತು. ನಿಜ ಹೇಳಬೇಕಂದ್ರೆ, ನಾವೇ ಸಾಯಿಸಿದೆವು. ಅದರಲ್ಲಿ ನನ್ನದೂ ಪಾಲಿದೆ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಕಮಿಟಿಯವರು ‘ನೀವು ಸಾಫ್ಟ್‌ವೇರ್‌ನೋರು, ಮಾಲಿಗಳ ಕೆಲಸಕ್ಕೆ ಒಂದು ಶೀಟ್ ಮಾಡಿಕೊಡಿ’ ಅಂದಿದ್ದರು. ಮಾಡಿಕೊಟ್ಟೆ. ಅಚ್ಚುಕಟ್ಟಾದ ಎಕ್ಸೆಲ್ ಶೀಟ್. ಗಿಡದ ಹೆಸರು, ಜಾಗ, ದಿನಾ ನೀರು ಹಾಕಿದ್ದಕ್ಕೆ ಒಂದು ಟಿಕ್, ತಿಂಗಳಿಗೊಮ್ಮೆ ಗೊಬ್ಬರಕ್ಕೆ ಒಂದು ಟಿಕ್. ಟಿಕ್ ಇಲ್ಲದಿದ್ದರೆ ಆ ಚೌಕ ಕೆಂಪಾಗುತ್ತೆ, ಕಂಟ್ರಾಕ್ಟರನ ಸೂಪರ್‌ವೈಸರ್ ಬೈತಾನೆ. ಎಲ್ಲ ಇತ್ತು ಅದರಲ್ಲಿ. ಋತುವಿಗೆ ಮಾತ್ರ ಕಾಲಂ ಇರಲಿಲ್ಲ. ತಿಪಟೂರು ಕಡೆಯ ಹಳ್ಳಿಯಲ್ಲಿ, ಅಂಗಳದಲ್ಲೇ ಪಾರಿಜಾತ ಇದ್ದ ಮನೆಯಲ್ಲಿ ಬೆಳೆದವನು ನಾನು. ಹದಿನಾಲ್ಕು ವರ್ಷ ಬೆಂಗಳೂರಲ್ಲಿದ್ದು ಅದನ್ನೂ ಮರೆತಿದ್ದೆ.

ಗಿಡ ಎಲೆ ಉದುರಿಸಿತು. ಮಾಲಿ ಗಾಬರಿಯಾದ. ಎಲೆ ಹೋದರೆ ತನ್ನ ಕೆಲಸ ಹೋಗುತ್ತೆ ಅನ್ನೋ ಭಯ ಅವನಿಗೆ. ದಿನಾ ಎರಡು ಬಕೆಟ್ ನೀರು ಹುಯ್ದ. ಚಿಗುರಲಿಲ್ಲ ಅಂತ ಯೂರಿಯಾ ಹಾಕಿದ. ಮೇ ತಿಂಗಳಲ್ಲಿ ಮಳೆ ಬಂದಾಗಲೂ ಅದು ಚಿಗುರಲಿಲ್ಲ. ಕಿತ್ತು ನೋಡಿದರೆ ಬೇರು ಕಪ್ಪಗೆ ಕೊಳೆತು ನಾರುತ್ತಿತ್ತು. ನನ್ನ ಶೀಟಿನಲ್ಲಿ ಮಾತ್ರ ಮೂರು ತಿಂಗಳೂ ಒಂದೇ ಒಂದು ಕೆಂಪು ಚೌಕ ಇರಲಿಲ್ಲ.

ಅವ್ವನಿಗೆ ಫೋನ್ ಮಾಡಿ ಹೇಳಿದೆ. ‘ಅಯ್ಯೋ, ಅದು ಮಲ್ಗಿತ್ತು ಕಣಪ್ಪ. ಮಲ್ಗಿರೋರ ಬಾಯಿಗೆ ಯಾರಾದ್ರೂ ನೀರು ಹುಯ್ತಾರಾ?’ ಅಂದಳು. ಬೇರೇನೂ ಹೇಳಲಿಲ್ಲ.

ಅವ್ವ ಹೇಳಿದ್ದರಲ್ಲಿ ಇಡೀ ಸಸ್ಯಶಾಸ್ತ್ರ ಇದೆ. ಎಲೆ ಅಂದ್ರೆ ಗಿಡದ ನೀರು ಆವಿಯಾಗಿ ಹೋಗೋ ಬಾಗಿಲು. ಬೇಸಿಗೆಯಲ್ಲಿ ನೆಲದಲ್ಲಿ ನೀರು ಕಡಿಮೆಯಾದಾಗ ಪಾರಿಜಾತ ಆ ಬಾಗಿಲನ್ನೇ ಕಳಚಿಬಿಡುತ್ತೆ. ಇದು ಒಣಕಾಡಿನ ಗಿಡ, ಅದರ ಹುಟ್ಟುಗುಣ ಇದು. ಎಲೆ ಇಲ್ಲದ ಗಿಡ ನೀರು ಕುಡಿಯೋದು ಅತ್ಯಲ್ಪ. ನಾವು ಹುಯ್ದ ನೀರು ಬುಡದಲ್ಲೇ ನಿಲ್ಲುತ್ತೆ, ಬೇರಿಗೆ ಗಾಳಿ ಸಿಗೋಲ್ಲ, ಕೊಳೆಯುತ್ತೆ. ನಾವು ಆರೈಕೆ ಅಂತ ಮಾಡಿದ್ದೇ ಅದಕ್ಕೆ ಮುಳುವಾಯಿತು.

ಉಳಿದ ಗಿಡದ ಕತೆಯೂ ಚೆನ್ನಾಗಿಲ್ಲ. ಹೋದ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನಾಚರಣೆಗೆ ಆವರಣ ನೀಟಾಗಿ ಕಾಣಲಿ ಅಂತ, ಅದರ ತಲೆಯನ್ನು ದೊಡ್ಡ ಕತ್ತರಿಯಲ್ಲಿ ಚೆಂಡಿನ ಹಾಗೆ ಗುಂಡಗೆ ಕತ್ತರಿಸಿದರು. ಪಾರಿಜಾತದ ಮೊಗ್ಗು ಬರೋದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ತುದಿ ಹೋಯಿತು, ಮೊಗ್ಗೂ ಹೋಯಿತು. ಆ ವರ್ಷ ಹೂ ಇಲ್ಲ. ಸಿ ಬ್ಲಾಕಿನಲ್ಲಿ ಕೋಲ್ಕತ್ತದ ಒಂದು ಕುಟುಂಬವಿದೆ. ಅವರಿಗೆ ಇದು ಶಿಉಲಿ, ಪಶ್ಚಿಮ ಬಂಗಾಳದ ರಾಜ್ಯಪುಷ್ಪ. ದುರ್ಗಾಪೂಜೆ ಬರ್ತಿದೆ ಅಂತ ಅವರಿಗೆ ಹೇಳೋದೇ ಈ ಹೂವಿನ ವಾಸನೆ. ಆ ಮನೆಯ ಹೆಂಗಸು ಒಂದು ವಾರ ದಿನಾ ಬೆಳಗ್ಗೆ ಬುಟ್ಟಿ ಹಿಡಿದು ಬಂದು ಬರಿಗೈಲಿ ಹೋದರು. ಅದಕ್ಕೆ ಯಾವ ಗ್ರೂಪಿನಲ್ಲೂ ಫೋಟೋ ಬರಲಿಲ್ಲ.

ಈಗ ‘ಹನ್ನೆರಡು ತಿಂಗಳೂ ಹಸಿರು’ ಅನ್ನೋ ಮಾತಿಗೆ ಬರೋಣ. ಕಂಟ್ರಾಕ್ಟರ್ ಕೊಟ್ಟ ಕೊಟೇಶನ್ ನೋಡಿದೆ. ಗಿಡದ ಜಾಗದಲ್ಲಿ ಹಳದಿ ಎಲೆಯ ಡುರಾಂಟಾ ಬೇಲಿ, ಅದರ ಮುಂದೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಡುರಾಂಟಾ ಪಾಪದ ಗಿಡ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಟ್ಟಸವಾಗಿ ಇರಲಿ ಅಂತ ಅದನ್ನು ಪದೇ ಪದೇ ಕತ್ತರಿಸ್ತಾನೇ ಇರ್ತಾರೆ, ಹಾಗಾಗಿ ಅದರ ನೀಲಿ ಹೂವನ್ನು ನಮ್ಮ ಲೇಔಟಿನಲ್ಲಿ ಯಾರೂ ನೋಡಿಲ್ಲ. ಪ್ಲಾಸ್ಟಿಕ್ ಹುಲ್ಲಂತೂ ನಿಜಕ್ಕೂ ಹನ್ನೆರಡು ತಿಂಗಳೂ ಹಸಿರು. ನಮಗೆ ಬೇಕಾಗಿರೋದು ಅದೇನಾ? ಬದಲಾಗದೇ ಇರೋದೇ ಗಿಡದ ಯೋಗ್ಯತೆ ಅನ್ನೋದಾದ್ರೆ, ಗೋಡೆಗೆ ಹಸಿರು ಬಣ್ಣ ಬಳಿದರೂ ಆಯಿತಲ್ಲ.

ಇದೇ ಊರಲ್ಲಿ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರನ್ನು ಇವತ್ತಿಗೂ ನೆನೆಯೋದು ಯಾಕೆ? ವರ್ಷವಿಡೀ ಒಂದು ಮರ ಮುಗಿಸಿದ ಮೇಲೆ ಇನ್ನೊಂದು ಹೂ ಬಿಡುವಂತೆ ಬೀದಿ ಬೀದಿಗೆ ಮರಗಳನ್ನು ಆರಿಸಿದ್ದಕ್ಕೆ. ಸರದಿ ಅಂದ ಮೇಲೆ ಒಂದು ಕುಣಿಯುವಾಗ ಇನ್ನೊಂದು ಸುಮ್ಮನಿರಬೇಕು. ಬೆಂಗಳೂರಿಗೆ ಉದ್ಯಾನನಗರಿ ಅನ್ನೋ ಹೆಸರು ತಂದುಕೊಟ್ಟಿದ್ದರಲ್ಲಿ ಈ ಬುದ್ಧಿಯೂ ಸೇರಿದೆ. ನಾವು ಆ ಹೆಸರನ್ನು ಹೇಳಿಕೊಂಡು ಫ್ಲಾಟು ಮಾರ್ತೀವಿ, ಸುಮ್ಮನಿರೋ ಗಿಡಕ್ಕೆ ಮಾತ್ರ ಜಾಗ ಕೊಡೋಲ್ಲ.

ಎದುರು ವಾದಗಳನ್ನೂ ಕೇಳಿದ್ದೀನಿ. ಹೂ ಕಾರಿನ ಮೇಲೆ ಬೀಳುತ್ತೆ ಅಂತಾರೆ. ಬೀಳುತ್ತೆ. ಸಂಜೆ ಅರಳಿ ಬೆಳಗಾಗೋದ್ರೊಳಗೆ ಉದುರೋದೇ ಅದರ ಕ್ರಮ. ಒಂದು ಕಾರು ಹತ್ತು ಅಡಿ ಆಚೆ ನಿಂತರೆ ಮುಗೀತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸೋಲ್ಲ ಅನ್ನೋ ನಮ್ಮ ಮಡಿವಂತ ಹಿರಿಯರೇ ಪಾರಿಜಾತಕ್ಕೆ ವಿನಾಯಿತಿ ಕೊಟ್ಟಿದ್ದಾರೆ, ನಮ್ಮ ಕಾರಿನ ಬಾನೆಟ್ಟಿಗೆ ಅಷ್ಟು ಮಡಿ ಬೇಕಾ? ಕಂಬಳಿಹುಳ ಬರುತ್ತೆ ಅಂತಾರೆ. ಇದು ನ್ಯಾಯವಾದ ದೂರು, ಮಕ್ಕಳು ಮುಟ್ಟಿದರೆ ಮೈಯೆಲ್ಲ ತುರಿಕೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಲೆಯ ಅಡಿ ನೋಡಿ, ಹುಳ ಗುಂಪಾಗಿರುವಾಗಲೇ ಆ ರೆಂಬೆ ಕತ್ತರಿಸಿ ತೆಗೆಯಬೇಕು. ಐದು ನಿಮಿಷದ ಕೆಲಸ. ನಾನೇ ಮಾಡ್ತೀನಿ. ಎಲೆ ಕಸ ಅಂತಾರೆ. ಆ ಕಸವನ್ನು ಮೂಟೆ ಕಟ್ಟಿ ದುಡ್ಡು ಕೊಟ್ಟು ಹೊರಗೆ ಕಳಿಸ್ತೀವಿ, ಆಮೇಲೆ ದುಡ್ಡು ಕೊಟ್ಟು ಗೊಬ್ಬರದ ಮೂಟೆ ತರಿಸ್ತೀವಿ. ಇದನ್ನು ನಮ್ಮೂರಲ್ಲಿ ಹೇಳಿದರೆ ನಗ್ತಾರೆ.

ಹಾಗಾದ್ರೆ ಏನು ಮಾಡಬೇಕು? ಹೆಚ್ಚೇನೂ ಇಲ್ಲ. ಬಿಸಿಲು ಬೀಳೋ, ನೀರು ನಿಲ್ಲದ ಜಾಗ ಕೊಡಿ. ಹೂ ಮುಗಿದು ಎಲೆ ಉದುರೋ ಕಾಲಕ್ಕೆ ನೀರು ಕಡಿಮೆ ಮಾಡಿ. ಮಣ್ಣು ಪೂರ್ತಿ ಧೂಳಾದಾಗ ಆಗೊಂದು ಈಗೊಂದು ಬಕೆಟ್ ಸಾಕು. ಗೊಬ್ಬರ ಆಗ ಬೇಡವೇ ಬೇಡ. ಸವರೋದಿದ್ದರೆ ಈ ಬೋಳು ಕಾಲದಲ್ಲೇ, ಚಿಗುರೋಕೆ ಮುಂಚೆ ಸವರಿ. ಒಣರೆಂಬೆ, ಒಂದಕ್ಕೊಂದು ಉಜ್ಜಾಡೋ ರೆಂಬೆ ತೆಗೆದು ಉಳಿದದ್ದನ್ನು ಸ್ವಲ್ಪ ಮೊಟಕು ಮಾಡಿದರೆ ಗಿಡ ಕೈಗೆಟುಕೋ ಪೊದೆಯಾಗಿ ನಿಲ್ಲುತ್ತೆ. ಬಿಟ್ಟರೆ ಮರವೇ ಆಗಿಬಿಡುತ್ತೆ. ಮೊದಲ ಮಳೆ ಬಿದ್ದ ಮೇಲೆ ಬುಡ ಕೆದಕಿ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ. ಜೂನ್ ನಂತರ ಕತ್ತರಿಯನ್ನು ಬೀಗ ಹಾಕಿ ಇಡಿ. ಹೊಸ ಗಿಡ ಬೇಕಾದರೆ ನರ್ಸರಿಗೂ ಹೋಗಬೇಕಾಗಿಲ್ಲ. ಬುಡದಲ್ಲಿ ಬೀಳೋ ಬಿಲ್ಲೆಯಂಥ ಚಪ್ಪಟೆ ಕಾಯಿಯಲ್ಲಿ ಎರಡು ಬೀಜ ಇರುತ್ತವೆ, ಮಳೆಗಾಲಕ್ಕೆ ಊರಿದರೆ ಹುಟ್ಟುತ್ತೆ.

ಇದಕ್ಕೆ 1753ರಲ್ಲಿ ಲಿನೇಯಸ್ ಇಟ್ಟ ಸಸ್ಯಶಾಸ್ತ್ರದ ಹೆಸರಿನಲ್ಲಿ ‘ದುಃಖದ ಮರ’ ಅನ್ನೋ ಅರ್ಥವಿದೆ. ಹಗಲಲ್ಲಿ ಹೂವಿಲ್ಲದೆ ನಿಂತಿರುತ್ತೆ ಅನ್ನೋ ಕಾರಣಕ್ಕೆ ಆ ಹೆಸರು ಅಂತಾರೆ. ಅಂಗಳ ಗುಡಿಸೋಕೆ ಮುಂಚೆ ಮಡಿಲ ತುಂಬ ಹೂ ಆಯ್ದುಕೊಂಡು, ಕೇಸರಿ ತೊಟ್ಟಿನ ಬಣ್ಣ ಬೆರಳಿಗೆ ಹತ್ತಿಸಿಕೊಂಡು ಒಳಗೆ ಬರ್ತಿದ್ದ ನಮ್ಮವ್ವನಿಗೆ ಅದು ಯಾವತ್ತೂ ದುಃಖದ ಮರವಾಗಿ ಕಂಡಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮೀಟಿಂಗು. ನನ್ನ ಕೋರಿಕೆ ಇಷ್ಟೇ. ಕೈ ಎತ್ತೋಕೆ ಮುಂಚೆ ಎಲ್ಲರೂ ಒಮ್ಮೆ ಗಿಡದ ಹತ್ರ ಬನ್ನಿ. ಎಳೇ ರೆಂಬೆಯ ಸಿಪ್ಪೆಯನ್ನು ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಕಂದು ಬಣ್ಣವಿದ್ದು, ರೆಂಬೆ ಪುರಲೆಯ ಹಾಗೆ ಲಟಕ್ಕನೆ ಮುರಿದರೆ ನಾನೇ ಗುದ್ದಲಿ ತರ್ತೀನಿ. ಹಸಿರಿದ್ದರೆ ಅಜೆಂಡಾದಿಂದ ಆ ಸಾಲು ತೆಗೆದುಹಾಕಿ. ನಾನು ನಿನ್ನೆ ರಾತ್ರಿ ಕೆರೆದು ನೋಡಿ ಬಂದಿದ್ದೀನಿ, ಹಸಿರಾಗಿದೆ. ಶೀಟಿಗೂ ತಿಂಗಳ ಕಾಲಂ ಸೇರಿಸಿದ್ದೀನಿ. ಪಾರಿಜಾತದ ಸಾಲಿನಲ್ಲಿ, ಫೆಬ್ರವರಿಯಿಂದ ಮಳೆ ಬರೋವರೆಗೂ ಹೀಗೆ ಬರೆದಿದ್ದೀನಿ: ಮಲಗಿದೆ, ಎಬ್ಬಿಸಬೇಡಿ.